ಗೋಣಿಚೀಲದ ಮೇಲೆ ಕೆಂಚ

ಕಾಯ್ಕಿಣಿ,
ಆಗಸ್ಟ್ ೪, ಮಂಗಳವಾರ

ಪ್ರೀತಿಯ ತಂಗಿ ಮಾಲತಿಗೆ,

ನಿನ್ನ ಅಣ್ಣ ಮಾಬ್ಲೇಶ್ವರ ದೂರದಿಂದಲೇ ನಿನ್ನ ಜಡೆ ಒಮ್ಮೆ ಎಳೆದು ಮಾಡುವ ಆಶೀರ್ವಾದ. ಕುಮಟಾ ಕಡೆ ಮಳೆ ಹೇಗಿದೆ? ಹೋಗುವಾಗ ಇದ್ದ ಕೆಮ್ಮು ಬಿಟ್ಟಿತೇ? ಅಮ್ಮ ಕಟ್ಟಿಕೊಟ್ಟ ಕಾಳುಮೆಣಸಿನ ಪುಡಿ ಡಬ್ಬಿಯಲ್ಲೇ ಇದೆ ಎಂದು ನನಗೆ ಗೊತ್ತು, ನೀನು ಅದನ್ನು ಮೂಸಿ ಸಹ ನೋಡುವವಳಲ್ಲ. ಬಿಸಿನೀರಿಗೆ ಹಾಕಿ ಕುಡಿ. ರಾತ್ರಿ ಹೊದೆಯಲಿಕ್ಕೆ ಸಾಕಾಗುತ್ತದೆಯೇ? ಒದ್ದೆ ಬಟ್ಟೆ ಒಣಗುತ್ತದೆಯೇ? ನಿನ್ನ ಪತ್ರ ಬಂದು ಎಂಟು ದಿನವಾಯಿತು. ನಾಲ್ಕು ಸಾಲು. ಮೂರು ಸಾಲು ಕೆಂಚನ ಬಗ್ಗೆ, ಒಂದು ಸಾಲು ಗಣಿತದ ಬಗ್ಗೆ. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡು, ಹಾಳೆಯ ಹಿಂದೆ ಎಂತಾದರೂ ಇದೆಯೋ ಎಂದು ತಿರುಗಿಸಿ ನೋಡಿದಳು.

ಇಲ್ಲಿ ನಾವು ಕ್ಷೇಮ. ಅಜ್ಜಿಯ ಮೊಣಕಾಲು ಮಳೆಗೆ ಹಿಡಿದುಕೊಂಡಿದೆ, ಬಾಯಿಗೆ ಎಂತದ್ದೂ ಆಗಿಲ್ಲ. ಅಮ್ಮ ಎಂದಿನಂತೆ ಬೆಳಿಗ್ಗೆ ಟೆಂಪೋ ಹತ್ತಿ ಗೇರುಬೀಜದ ಫ್ಯಾಕ್ಟರಿಗೆ ಹೋಗಿ ಸಂಜೆ ಕೈ ಕಪ್ಪು ಮಾಡಿಕೊಂಡು ಬರುತ್ತಾಳೆ. ನಿಮ್ಮ ಹಾಸ್ಟೆಲಿನಲ್ಲಿ ಮಕ್ಕಳಿಗೆ ಫೋನ್ ಕೊಡುವುದಿಲ್ಲ, ನನ್ನ ಅಕ್ಷರ ನನಗೇ ಓದಲಿಕ್ಕೆ ಬರುವುದಿಲ್ಲ. ಹಾಗಾಗಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಅಡ್ಡಾಡುತ್ತ ಫೋನಿಗೆ ಹೇಳುತ್ತೇನೆ. ಆ ವಾಯ್ಸ್ ನೋಟುಗಳನ್ನು ಪಕ್ಕದ ಮನೆಯ ಸುಶ್ಮಿತಾ ಝೆರಾಕ್ಸ್ ಅಂಗಡಿಯಲ್ಲಿ ಕೂತು ಕೇಳಿಸಿಕೊಂಡು ಶಾಲೆಯ ಕನ್ನಡದಲ್ಲಿ ಬರೆಯುತ್ತಾಳೆ. ಬೈಗುಳ ಇದ್ದಲ್ಲಿ ಬಿಟ್ಟು ಬರೆಯುತ್ತಾಳಂತೆ. ಕಳೆದ ಪತ್ರ ಚಿಕ್ಕದಾದದ್ದು ಅದಕ್ಕೇ.

ನಿನಗೆ ಬೇಕಾದದ್ದು ಕೆಂಚನ ಸುದ್ದಿ. ಅದನ್ನೇ ಹೇಳಲಿಕ್ಕೆ ಹೊರಟಿದ್ದೇನೆ. ಆದರೆ ಕ್ರಮವಾಗಿ ಹೇಳುತ್ತೇನೆ, ಕೊನೆಯ ಹಾಳೆಗೆ ಹಾರಬೇಡ. ಜೂನ್ ತಿಂಗಳಲ್ಲಿ ಟ್ರಂಕು ಹಿಡಿದುಕೊಂಡು ಬಸ್ಸಿಗೆ ಕಾಯುವಾಗ ನೀನು ಅಳಲಿಲ್ಲ. ನನ್ನ ಅಂಗಿಯ ತುದಿ ಹಿಡಿದು, "ಅಣ್ಣಾ, ಕೆಂಚನ್ನ ಹೆತ್ತ ಅಬ್ಬಿ ಸತ್ತ ಹಂಗೆ ಕೆಂಚ ಸಾಯುಕಾಗ. ಅವ ರಸ್ತೆಗೆ ಹೋಗದ ಹಂಗೆ ಮಾಡ್ತೆ ಅಂದ್ರೆ ನಾ ಬಸ್ ಹತ್ತುದು" ಎಂದೆ. ಮಾಡುತ್ತೇನೆ ಎಂದು ನಾನು ಹೇಳಿದೆ. ಹನ್ನೊಂದು ವರ್ಷದ ಹುಡುಗಿಗೆ ಬಸ್ಸು ಹತ್ತಿಸಲಿಕ್ಕೆ ಮನುಷ್ಯ ಎಂತ ಬೇಕಾದರೂ ಹೇಳುತ್ತಾನೆ. ಬಸ್ಸು ಹೋದ ಮೇಲೆ ತಿರುಗಿ ನೋಡಿದೆ, ನಮ್ಮ ಮನೆಯ ಮೆಟ್ಟಿಲಿನಿಂದ ಹೆದ್ದಾರಿಗೆ ಇಪ್ಪತ್ತೆರಡು ಹೆಜ್ಜೆ. ರಸ್ತೆ ಅಗಲ ಮಾಡುವಾಗ ಅಂಗಳದ ಮುಕ್ಕಾಲು ಹೋಯಿತಲ್ಲ. ಉಳಿದದ್ದು ಗೇಟಿನ ಬದಲಿಗೆ ಒಂದು ದಣಪೆ, ಅದರ ಗಳುಗಳ ಕೆಳಗೆ ಕೆಂಚ ಬಾಲ ಸಹ ಬಗ್ಗಿಸದೆ ನುಸುಳುತ್ತಾನೆ. ಕಟ್ಟಿ ಹಾಕಿದರೆ ಇಡೀ ದಿನ ಊಳಿಡುತ್ತಾನೆ, ಅಜ್ಜಿ ಹೋಗಿ ಬಿಚ್ಚುತ್ತಾಳೆ. "ಕಟ್ಟಿದ ನಾಯಿ ಕಳ್ಳನಿಗೂ ಬಾಲ ಅಲ್ಲಾಡಿಸ್ತು" ಎನ್ನುತ್ತಾಳೆ. ಹಾಗಾಗಿ ಉಳಿದದ್ದು ಒಂದೇ ದಾರಿ, ಕೂರು ಎಂದಲ್ಲಿ ಕೂರಲಿಕ್ಕೆ, ಬಾ ಎನ್ನುವವರೆಗೆ ಕಾಯಲಿಕ್ಕೆ ಅವನಿಗೆ ಕಲಿಸುವುದು. ಎಂತ ಬಂದರೂ, ಯಾರು ಕರೆದರೂ, ಎಂತ ಬಿದ್ದರೂ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಮೀನಿನ ಬೋಟು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ನನಗೆ ಮಲ್ಪೆಯಲ್ಲಿ ಕೆಲಸವಿಲ್ಲ. ಎರಡು ತಿಂಗಳು ಸಾಕು ಎಂದುಕೊಂಡೆ.

ಫೋನಿನಲ್ಲಿ ಒಬ್ಬಳು ಹುಡುಗಿ ನಾಯಿಗೆ ಕಲಿಸುವ ವಿಡಿಯೋ ನೋಡಿದೆ. ನಾಯಿಯ ಎದುರು ಊಟದ ತಟ್ಟೆ ಇಡಬೇಕು, ನಿಲ್ಲು ಎನ್ನಬೇಕು, ಮೊದಲು ಎರಡು ಸೆಕೆಂಡು, ಆಮೇಲೆ ನಾಲ್ಕು, ಆಮೇಲೆ ಹತ್ತು. ಸುಲಭ. ಮೊದಲನೇ ದಿನ ಅನ್ನಕ್ಕೆ ಸ್ವಲ್ಪ ಸಾರು ಕಲಸಿ ಕೆಂಚನ ಎದುರಿಗಿಟ್ಟು "ನಿಲ್ಲು" ಎಂದೆ. ಅವನು ನಿಂತ. ನಿಲ್ಲದವಳು ಅಜ್ಜಿ. ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. "ಥೂ ಮಾಬ್ಲಾ, ಎಂತಾ ಪಾಪದ ಕೆಲ್ಸ ಮಾಡ್ತೆ! ಬಡಿಸಿದ ಅನ್ನದ ಮುಂದೆ ವೈರಿಯನ್ನೂ ಕಾಯ್ಸುಕಾಗ. ನಿಂಗೆ ನಾ ಹಂಗೆ ಮಾಡಿದ್ನಾ?" ಎಂದು ಕೆಂಚನ ತಟ್ಟೆಯನ್ನು ಅವನ ಮೂತಿಗೇ ಹಿಡಿದಳು. ವಿಡಿಯೋದಲ್ಲಿ ಇದರ ಬಗ್ಗೆ ಎಂತದ್ದೂ ಹೇಳಿರಲಿಲ್ಲ, ಆ ಹುಡುಗಿಗೆ ಅಜ್ಜಿ ಇಲ್ಲ ಎಂದು ಕಾಣುತ್ತದೆ. ಮೂರು ದಿನ ಇದೇ ಜಗಳ. ಕೊನೆಗೆ ಅನ್ನದ ಸುದ್ದಿ ಬಿಟ್ಟು, ಜಗಲಿಯ ಮೂಲೆಗೆ ಒಂದು ಗೋಣಿಚೀಲ ಹಾಸಿ, ಅದೇ ಅವನ ಜಾಗ ಎಂದು ಮಾಡಿದೆ. ಚೀಲದ ಮೇಲೆ ಕೂತರೆ ಒಂದು ಚೂರು ರೊಟ್ಟಿ. ಇದಕ್ಕೆ ಅಜ್ಜಿಯ ಅಡ್ಡಿ ಇರಲಿಲ್ಲ, ರೊಟ್ಟಿ ಊಟವಲ್ಲವಂತೆ.

ಕಾಯಿಸಿದ ಮೇಲೆ ಬಿಡುವುದಕ್ಕೂ ಒಂದು ಗುರುತು ಬೇಕು. ನಾನು ಆರಿಸಿದ ಮಾತು "ಆತು". ಕಾದದ್ದು ಆತು, ಇನ್ನು ಹೋಗು. ಈ ಬುದ್ಧಿ ನನಗೆ ಎಲ್ಲಿಂದ ಬಂತೋ! ನಮ್ಮ ಮನೆಯಲ್ಲಿ ಆ ಮಾತಿಲ್ಲದೆ ಒಂದು ಗಳಿಗೆ ಕಳೆಯುತ್ತದೆಯೇ? ಅಜ್ಜಿ ಒಳಗಿನಿಂದ "ಅನ್ನ ಆತು" ಎಂದರೆ ಕೆಂಚ ಎದ್ದು ಓಡಿದ. ಅಮ್ಮ "ಸ್ನಾನ ಆತಾ" ಎಂದರೆ ಓಡಿದ. ದಾರಿಯಲ್ಲಿ ಹೋಗುವವರು "ಊಟ ಆತಾ ತಿಮ್ಮಜ್ಜಿ" ಎಂದು ಕೇಳಿದರೂ ಓಡಿದ. ಮಾತೇ ಬೇಡವೆಂದು ಬಿಟ್ಟೆ. ಹೋಗಿ ತಲೆ ಮುಟ್ಟಬೇಕು, ಆಗ ಮಾತ್ರ ಬಿಡುಗಡೆ. ಕರೆದರೂ ಇಲ್ಲ, ಕೈ ಬೀಸಿದರೂ ಇಲ್ಲ. ಯಾರಾದರೂ ಅವನ ಹತ್ತಿರ ಹೋಗಿ, ಬಗ್ಗಿ, ಎರಡು ಕಿವಿಯ ನಡುವೆ ಕೈ ಇಡಬೇಕು. ಇದು ಅವನಿಗೆ ನಾಲ್ಕೇ ದಿನದಲ್ಲಿ ತಿಳಿಯಿತು. ನನಗಿಂತ ಚುರುಕು ಇದ್ದಾನೆ.

ಆದರೂ ಅವನ ಗಮನ ಚೀಲದ ಮೇಲೆ ನಿಲ್ಲುತ್ತಿರಲಿಲ್ಲ. ಕೂತಲ್ಲೇ ಕುಣಿಯುತ್ತಿದ್ದ. ಅಜ್ಜಿ ಒಂದು ಸಂಜೆ ಹೂ ಕಟ್ಟುತ್ತ ಪದ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, "ಅವನಿಗೆ ಕೂತ್ಕ ಅಂತೆ, ನೀ ಎಲ್ಲಿ ಕೂತೆ? ನಿನ್ನ ಕಾಲು ಹೊಲಿಗೆ ಮಿಷನ್ ಹಂಗೆ ಹೊಡ್ಕಂತಾ ಇತ್ತು. ಮೊದ್ಲು ಅದ್ಕೆ ನಿಲ್ಲು ಅನ್ನು" ಎಂದಳು. ಸರಿಯೇ. ಬೋಟಿನಲ್ಲಿ ನೆಲ ಅಲ್ಲಾಡುತ್ತದೆ, ನಾನು ನಿಲ್ಲುತ್ತೇನೆ. ಮನೆಯಲ್ಲಿ ನೆಲ ನಿಂತಿರುತ್ತದೆ, ನಾನು ಅಲ್ಲಾಡುತ್ತೇನೆ. ಅಪ್ಪ ಹೋದ ಮೇಲೆ ಮಲ್ಪೆಗೆ ಹೋದವನು ನಾನು ಯಾವ ಊರಿನಲ್ಲೂ ಒಂದು ವಾರ ಸಮಾಧಾನವಾಗಿ ಇದ್ದದ್ದು ನೆನಪಿಲ್ಲ. ಹಾಗಾಗಿ ಕೆಂಚನ ಜೊತೆಗೆ ನಾನೂ ಕೂರಲಿಕ್ಕೆ ಕಲಿತೆ ಮಾಲು. ಅವನು ಚೀಲದ ಮೇಲೆ, ನಾನು ಮೆಟ್ಟಿಲ ಮೇಲೆ, ನಡುವೆ ಮಳೆಯ ಹನಿ. ಹತ್ತು ನಿಮಿಷ, ಕಾಲು ಗಂಟೆ. ಜೂನ್ ಕೊನೆಗೆ ಅರ್ಧ ಗಂಟೆಗೆ ಬಂದಿದ್ದೆವು. ಯಾರು ಮೊದಲು ಏಳುತ್ತಾರೆ ನೋಡುವಾ ಎಂದು ಅಮ್ಮ ಹೇಳಿದರೆ, ಸೋಲುತ್ತಿದ್ದದ್ದು ಹೆಚ್ಚಾಗಿ ನಾನೇ.

ಆಮೇಲೆ ಒಂದೊಂದೇ ಅಡ್ಡಿ ತಂದು ಪರೀಕ್ಷೆ. ಬೆಕ್ಕನ್ನು ಎತ್ತಿಕೊಂಡು ಎದುರಿಗೆ ಬಿಟ್ಟೆ. ತೆಂಗಿನಕಾಯಿ ಉರುಳಿಸಿದೆ. ಶಾಲೆ ಬಿಟ್ಟ ಮಕ್ಕಳು ದಣಪೆಯ ಆಚೆಯಿಂದ "ಕೆಂಚಾ, ಕುರೋ ಕುರೋ" ಎಂದು ಕೂಗಿ ಕೂಗಿ ಸೋತು ಹೋದರು. ಸುಶ್ಮಿತಾಳ ಹೇಂಟೆ ಒಂದು ದಿನ ಮರಿಗಳನ್ನು ಕರೆದುಕೊಂಡು ಜಗಲಿ ಹತ್ತಿ ನಮ್ಮ ಕೆಂಚನ ಬಾಲದ ಮೇಲೆ ಕಾಲಿಟ್ಟು ಹೋಯಿತು. ಅವನು ಕಣ್ಣು ಮುಚ್ಚಿಕೊಂಡ. ಆಣೆ ಮಾಡಿ ಹೇಳುತ್ತೇನೆ, ನೋಡಲಾರೆ ಎಂದು ಕಣ್ಣು ಮುಚ್ಚಿಕೊಂಡ! (ಹೇಂಟೆ ನನ್ನದಲ್ಲ, ನಮ್ಮ ಅಮ್ಮನದು. ಇದು ಬರೆಯುತ್ತಿರುವ ಸುಶ್ಮಿತಾಳ ಮಾತು.)

ಈಗ ಒಂದು ಹೆದರಿಕೆಯ ಸಂಗತಿ. ನಿನ್ನಿಂದ ಮುಚ್ಚಿಡುವುದಿಲ್ಲ. ಜುಲೈ ಹನ್ನೆರಡೋ ಹದಿಮೂರೋ, ಸಂಜೆ. ಕೆಂಚ ಚೀಲದ ಮೇಲಿದ್ದ, ಇಪ್ಪತ್ತು ನಿಮಿಷ ಆಗಿತ್ತು. ಆಚೆ ಬದಿಗೆ ಟೆಂಪೋ ನಿಂತು ಅಮ್ಮ ಇಳಿದಳು. ಇಳಿದವಳು, ಇಡೀ ದಿನ ಬೀಜ ಸುಲಿದು ದಣಿದವಳು, ಜಗಲಿಯ ಮೇಲೆ ಅವನನ್ನು ಕಂಡು ಅಭ್ಯಾಸದಂತೆ "ಕೆಂಚಾ, ಬಾರಾ ಮಗಾ" ಎಂದು ಕೈ ಚಾಚಿದಳು. ಅಷ್ಟೇ. ನಾನು "ನಿಲ್" ಎನ್ನುವುದರೊಳಗೆ ಅವನು ದಣಪೆ ದಾಟಿಯಾಗಿತ್ತು. ಜಲ್ಲಿ ತುಂಬಿದ ಲಾರಿ ಬ್ರೇಕು ಹೊಡೆದದ್ದು ನಮ್ಮ ಮನೆಯ ಹೆಂಚಿಗೆ ಕೇಳಿಸಿತು. ಲಾರಿಯ ಎದುರಿನ ಚಕ್ರಕ್ಕೂ ಅವನ ಬೆನ್ನಿಗೂ ನಡುವೆ ನನ್ನ ಒಂದು ಮೊಣಕೈ ಅಂತರ. ಡ್ರೈವರ್ ತಲೆ ಹೊರಗೆ ಹಾಕಿ, "ನಾಯಿ ಸಾಕ್ತ್ರೋ, ರಸ್ತೆಗೆ ಬಲಿ ಕೊಡುಕೆ ಇಟ್ಕಂಡಿದ್ರೋ!" ಎಂದು ಕೂಗಿದ, ಆಮೇಲಿನದನ್ನು ಸುಶ್ಮಿತಾ ಬರೆಯುವುದಿಲ್ಲ. ಕೆಂಚ ಅಮ್ಮನ ಸೀರೆ ಹಿಡಿದು ಕುಣಿಯುತ್ತಲೇ ಇದ್ದ, ಅವನಿಗೆ ಎಂತ ಗೊತ್ತು. ನಾನು ಹೋಗಿ ಅವನನ್ನು ಎತ್ತಿಕೊಂಡು ಬಂದೆ. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. "ನಾ ಕರ್ದದ್ದು, ನಾ ಕರ್ದದ್ದು" ಎಂದು ಅಷ್ಟೇ ಹೇಳುತ್ತಿದ್ದಳು.

ಮರುದಿನದಿಂದ ಪಾಠ ಕೆಂಚನಿಗಲ್ಲ, ಅಮ್ಮನಿಗೆ, ಅಜ್ಜಿಗೆ. ರಸ್ತೆಯ ಆಚೆಯಿಂದ ಅವನ ಹೆಸರು ಎತ್ತಬಾರದು. ಅವನ ಮುಖವನ್ನೇ ನೋಡಬಾರದು. ನೆಟ್ಟಗೆ ದಾಟಿ ಬಂದು, ದಣಪೆ ಹಾಕಿ, ಜಗಲಿ ಹತ್ತಿ, ತಲೆ ಮುಟ್ಟಿ, ಆಮೇಲೆ ಎಷ್ಟು ಬೇಕಾದರೂ ಮುದ್ದು ಮಾಡಿ. ಅಮ್ಮ ಹಾಗೇ ಮಾಡಿದಳು. ಪಾಪ, ಟೆಂಪೋದಿಂದ ಇಳಿದು, ಸಿಟ್ಟು ಮಾಡಿಕೊಂಡವರಂತೆ ಮುಖ ಆಚೆ ತಿರುಗಿಸಿಕೊಂಡು ರಸ್ತೆ ದಾಟುವುದು ನೋಡಬೇಕಿತ್ತು ನೀನು. ಟೆಂಪೋದವರು "ಲಕ್ಷ್ಮಕ್ಕ, ಮನೆಯಲ್ಲಿ ಜಗಳನಾ?" ಎಂದು ಕೇಳಿದರಂತೆ. ಒಂದು ವಾರದಲ್ಲಿ ಕೆಂಚ ಅಮ್ಮ ಇಳಿದರೂ ಏಳಲಿಲ್ಲ. ಕಿವಿ ಮಾತ್ರ ನೆಟ್ಟಗಾಗುತ್ತಿತ್ತು, ಬಾಲ ಚೀಲವನ್ನು ಗುಡಿಸುತ್ತಿತ್ತು.

ಕೊನೆಯ ಪರೀಕ್ಷೆ ಉಳಿದದ್ದು ಹೊನ್ನಣ್ಣನ ಹಾರ್ನು. ಕೆಂಚನ ಅಬ್ಬಿ ಹೋದದ್ದೂ ಅದಕ್ಕೇ ಅಲ್ಲವೇ, ಹೊನ್ನಣ್ಣನ ಮೀನಿನ ಬೈಕಿನ ಹಿಂದೆ. ಆ ಪೋಂ ಪೋಂ ಕೇಳಿದರೆ ಕಾಯ್ಕಿಣಿಯ ಬೆಕ್ಕು, ಕಾಗೆ, ನಾಯಿ, ಅಜ್ಜಿಯಂದಿರು ಎಲ್ಲ ಒಟ್ಟಿಗೇ ಹೊರಗೆ ಬೀಳುತ್ತಾರೆ. ಬೋಟು ಬಂದಾದ ಮೇಲೆ ಹೊನ್ನಣ್ಣ ಬಂದರಿಗೆ ಹೋಗುವುದು ಬಿಟ್ಟು ಪೇಂಟಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಹುಡುಕಿಕೊಂಡು ಹೋಗಿ, ಒಂದು ಸಲ ಬೈಕು ತಂದು ನಮ್ಮ ಮನೆ ಎದುರು ಹಾರ್ನು ಹೊಡೆದು ಹೋಗು ಎಂದು ಕಾಲು ಹಿಡಿದೆ. "ಎಂತದಾ ಮಾರಾಯಾ, ದಿಬ್ಬಣಕ್ಕೆ ವಾಲಗ ಕರೂ ಹಂಗೆ ಕರೀತೆ?" ಎಂದು ನಕ್ಕ, ಆದರೆ ಬಂದ. ಮೈಗೆಲ್ಲ ಹಳದಿ ಬಣ್ಣ, ಹಿಂದೆ ಖಾಲಿ ಡಬ್ಬ. ನಾಲ್ಕು ಸಲ ಹೋಗಿ ಬಂದು ಹಾರ್ನು ಹೊಡೆದ. ಕೆಂಚ ಒಂದು ಸಲ ಕಿವಿ ಎತ್ತಿ ಮತ್ತೆ ಮಲಗಿಬಿಟ್ಟ. ನಾನು ಹಾರಿ ಕುಣಿದೆ. ಮಲ್ಪೆಗೆ ಫೋನ್ ಮಾಡಿ, ಮೊದಲ ಟ್ರಿಪ್ಪಿಗೆ ಬರುತ್ತೇನೆ, ಚೀಲ ಕಟ್ಟಿದ್ದೇನೆ ಎಂದು ಬೋಟು ನಡೆಸುವ ತಾಂಡೇಲರಿಗೆ ಹೇಳಿದೆ. ಒಮ್ಮೆ ಬೋಟು ಹತ್ತಿದರೆ ಹತ್ತು ದಿನ ನೀರಿನ ಮೇಲೆ, ಫೋನಿಗೆ ರೇಂಜೂ ಇಲ್ಲ. ಆದರೂ ನಿಶ್ಚಿಂತೆ ಎನಿಸಿತು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ತಲೆ ಎತ್ತದೆ ಅಂದಳು, "ಖಾಲಿ ಡಬ್ಬಕ್ಕೆ ಯಾವ ನಾಯಿ ಓಡ್ತು ಮಾಬ್ಲಾ?"

ಎರಡು ತಿಂಗಳು ಕಲಿಸಿದ್ದೇನೆ, ಎರಡೂ ತಿಂಗಳು ಮೀನಿಲ್ಲದ ತಿಂಗಳು. ಒಣ ಸಿಗಡಿ ಬಿಟ್ಟರೆ ನಮ್ಮ ಒಲೆಯ ಮೇಲೆ ಯಾವ ಮೀನೂ ಹತ್ತಿರಲಿಲ್ಲ. ಹಸಿ ಮೀನಿನ ವಾಸನೆ ಇಲ್ಲದ ಊರಿನಲ್ಲಿ ನಾಯಿಗೆ ಕಾಯಲಿಕ್ಕೆ ಕಲಿಸಿ ಗೆದ್ದೆ ಎಂದುಕೊಂಡಿದ್ದೆ. ನಾನು ಬೋಟು ಹತ್ತಿದ ದಿನವೇ ಮೀನು ಬರುತ್ತದೆ, ಮೀನು ಬಂದ ದಿನ ನಾನು ಇರುವುದಿಲ್ಲ. ಬೇರೆ ಯಾರಾದರೂ ಇಷ್ಟು ಮಡ್ಡತನ ಮಾಡುತ್ತಾರೆಯೇ? ಮೀನು ಹಿಡಿಯುವವನೇ ಮೀನನ್ನು ಮರೆತು ಬಿಡುವುದೇ? ಆ ಎರಡು ರಾತ್ರಿ ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಹೊನ್ನಣ್ಣನ ಹಾರ್ನು, ಹಿಂದೆಯೇ ಆ ಬ್ರೇಕಿನ ಶಬ್ದ. ಮೂವತ್ತೊಂದಕ್ಕೆ ತಾಂಡೇಲರಿಗೆ ಫೋನ್ ಮಾಡಿ ಜ್ವರ ಎಂದೆ. ನಾಯಿಗಾಗಿ ಎಂದರೆ ಬೋಟಿನಲ್ಲಿ ವರ್ಷವಿಡೀ ಬೊಗಳಿ ತೋರಿಸುತ್ತಾರೆ. "ಮುಂದಿನ ಶುಕ್ರವಾರ ಇನ್ನೊಂದು ಬೋಟು ಹೊರಡ್ತು, ಅದಕ್ಕಾದ್ರೂ ಬಾ. ಇಲ್ದೆ ಹೋದ್ರೆ ಬೇರೆಯವ ಇದ್ದಾ" ಎಂದು ಇಟ್ಟರು.

ನಿನ್ನೆ ಸೋಮವಾರ ಬಂತು. ಭಟ್ಕಳ ಬಂದರಿಗೆ ಮೊದಲ ಮೀನು ಬಂದಿದೆ ಎಂದು ಬೆಳಿಗ್ಗೆ ಏಳಕ್ಕೇ ಸುದ್ದಿ. ಅಮ್ಮ ಫ್ಯಾಕ್ಟರಿಗೆ ರಜೆ ಹಾಕಿದಳು, ಮೀನಿಗೋ ಕೆಂಚನಿಗೋ ಕೇಳಬೇಡ. ಕೆಂಚನನ್ನು ಚೀಲದ ಮೇಲೆ ಕೂರಿಸಿ "ನಿಲ್ಲು" ಎಂದೆ. ಅಮ್ಮ ದಣಪೆಗೆ ಅಡ್ಡ ನಿಂತಳು. ನಾನು ರಸ್ತೆಯ ಅಂಚಿಗೆ, ಓಡಿ ಬಂದರೆ ಮೈಮೇಲೆ ಬಿದ್ದಾದರೂ ಹಿಡಿಯಬೇಕೆಂದು. ಅಜ್ಜಿಗೆ ಒಳಗೇ ಇರು ಎಂದಿದ್ದೆ, ಕಿಟಕಿಯಲ್ಲಿ ಮೂಗು ಕಾಣಿಸುತ್ತಿತ್ತು. ಒಂಬತ್ತೂವರೆಗೆ ತಿರುವಿನಲ್ಲಿ ಪೋಂ ಪೋಂ. "ಬಂಗ್ಡೆ, ತಾರ್ಲೆ, ಹೊಸ ಮೀನು ಬಂತೋ!" ಮೊದಲು ಬಂದದ್ದು ವಾಸನೆ. ನನಗೇ ಬಾಯಲ್ಲಿ ನೀರು ಬಂತು. ಬೆಕ್ಕು ನನ್ನ ಕಾಲ ಮೇಲಿಂದ ಹಾರಿಹೋಯಿತು, ಆಚೆ ಮನೆಯ ಎರಡು ನಾಯಿಗಳು ಬಂದವು, ಕಾಗೆಗಳ ಗದ್ದಲ. ನಾನು ಮೀನಿನ ಕಡೆ ನೋಡಲಿಲ್ಲ ಮಾಲು, ಜಗಲಿಯನ್ನೇ ನೋಡುತ್ತಿದ್ದೆ. ಕೆಂಚ ನಡುಗುತ್ತಿದ್ದ. ಬಾಯಿಯಿಂದ ಜೊಲ್ಲು ದಾರದ ಹಾಗೆ ಚೀಲದವರೆಗೆ ಇಳಿದಿತ್ತು. ಹೊನ್ನಣ್ಣ, ಅವನಿಗೆ ಬುದ್ಧಿ ಎಲ್ಲಿ, ದೊಡ್ಡದೊಂದು ಬಂಗಡೆಯನ್ನು ಬಾಲ ಹಿಡಿದೆತ್ತಿ "ಕೆಂಚಾ, ಕಾಣಾ" ಎಂದು ಆಡಿಸಿದ. ಕೆಂಚನ ಒಂದು ಮುಂಗಾಲು ಚೀಲದಿಂದ ಕೆಳಗಿಳಿಯಿತು. ಅವನು ಆ ಕಾಲನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಎತ್ತಿ ಮತ್ತೆ ಚೀಲದ ಮೇಲಿಟ್ಟ.

ನಾನು ಎಂತ ಕೂಗಿದೆನೋ ನನಗೇ ಗೊತ್ತಿಲ್ಲ. ಹೊನ್ನಣ್ಣ "ಗೆದ್ದೆ ಮಾರಾಯಾ!" ಎಂದು ಮೀನಿನ ಕೈಯಲ್ಲೇ ನನ್ನ ಬೆನ್ನು ಬಡಿದ. ಅಮ್ಮ ಅಳುತ್ತ ನಗುತ್ತಿದ್ದಳು. ಅಜ್ಜಿ ಇನ್ನು ತಡೆಯಲಾರದೆ ಪಾತ್ರೆ ಹಿಡಿದು ಹೊರಗೆ ಬಂದು, ಕಿವಿರು ಬಿಡಿಸಿ ನೋಡಿ, "ಇದು ನಿನ್ನೆಯದು, ನನ್ನ ಕಣ್ಣಿಗೆ ಮಣ್ಣು ಹಾಕ್ತ್ಯಾ ಹೊನ್ನಾ" ಎಂದು ಜಗಳ ಶುರು ಮಾಡಿದಳು. ಎರಡು ತಿಂಗಳ ನಂತರದ ಮೊದಲ ಮೀನು. ಸುಶ್ಮಿತಾ ಬಂದಳು, ಅವಳ ಅಮ್ಮ ಬಂದಳು, ರಸ್ತೆಯ ಅಂಚಿನಲ್ಲಿ ದೊಡ್ಡ ಸಂತೆಯೇ ಆಯಿತು. ಆಮೇಲೆ ಬಾವಿಕಟ್ಟೆಯಲ್ಲಿ ಮೀನು ಕೊಯ್ದದ್ದು, ಕಾಯಿ ತುರಿದದ್ದು, ಮಸಾಲೆ ಅರೆದದ್ದು. ನಾನು ಫೋನ್ ಹಿಡಿದು ಬೋಟಿನ ಗೆಳೆಯರಿಗೆಲ್ಲ ಕೆಂಚನ ಪ್ರತಾಪ ಹೇಳಿದ್ದೇ ಹೇಳಿದ್ದು. ಒಂದು ಗಂಟೆಗೆ ಊಟಕ್ಕೆ ಕೂತೆವು. ಬಂಗಡೆ ಸಾರು, ತಾರ್ಲೆ ಹುರಿದದ್ದು. ಹೊರಗೆ ಮಳೆ ಹೊಡೆದುಕೊಂಡು ಬಂತು. ಹೊಟ್ಟೆ ಬಿರಿಯುವಷ್ಟು ಊಟ ಮಾಡಿದೆವು. ನಾನು ಚಾಪೆಯ ಮೇಲೆ ಬಿದ್ದೆ.

ಅಜ್ಜಿ ಮೀನಿನ ತಲೆಗಳನ್ನು ಹಿಡಿದು ಹಿತ್ತಿಲಿಗೆ ಹೋಗಿ "ಕುರೋ ಕುರೋ" ಎಂದದ್ದು ನಿದ್ದೆಯಲ್ಲಿ ಕೇಳಿತು. ಮತ್ತೆ ಮತ್ತೆ ಕರೆದಳು. ಆಮೇಲೆ ಅವಳ ದನಿ ಬದಲಾಯಿತು. "ಮಾಬ್ಲಾ, ಕೆಂಚ ಬತ್ತಾ ಇಲ್ಲ. ಮೀನಿನ ತಲೆಗೂ ಬತ್ತಾ ಇಲ್ಲ."

ನಾನು ಹೇಗೆ ಎದ್ದೆನೋ, ಹಿತ್ತಿಲ ಬಾಗಿಲಿನಿಂದಲೇ ಮನೆ ಸುತ್ತಿ ರಸ್ತೆಗೆ ಓಡಿದೆ. ಬೇರೆ ಎಲ್ಲಿಯೂ ನೋಡಲಿಲ್ಲ, ನನ್ನ ತಲೆಯಲ್ಲಿ ಇದ್ದದ್ದು ರಸ್ತೆ ಒಂದೇ. ಮಳೆಗೆ ಎಂತದ್ದೂ ಕಾಣಿಸುತ್ತಿರಲಿಲ್ಲ. ಮೋರಿಯವರೆಗೆ ಓಡಿದೆ, ಗಟಾರಿನಲ್ಲಿ ಕೆಂಪಗೆ ಎಂತದೋ ಕಂಡು ಇಳಿದೆ, ಹರಿದ ಚೀಲ. ನಿಂತ ಲಾರಿಯ ಕೆಳಗೆ ಬಗ್ಗಿ ನೋಡಿದೆ. ನಿನಗೆ ಪತ್ರದಲ್ಲಿ ಎಂತ ಬರೆಸಲಿ ಎಂದು ಅಲ್ಲೇ ಮಾತು ಜೋಡಿಸುತ್ತಿದ್ದೆ, ದೇವರಾಣೆ. ಆಗ ಅಮ್ಮ ಕೂಗಿದಳು.

ಅವನು ಜಗಲಿಯಲ್ಲೇ ಇದ್ದ. ಗೋಣಿಚೀಲದ ಮೇಲೆ. ಬೆಳಿಗ್ಗೆ ಒಂಬತ್ತೂವರೆಗೆ ಹೇಗೆ ಕೂತಿದ್ದನೋ ಹಾಗೇ, ಎರಡೂವರೆಗೆ. ಆ ಗದ್ದಲದಲ್ಲಿ ಅವನ ತಲೆ ಮುಟ್ಟಲಿಕ್ಕೆ ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಮೂರು ಜನ ಇದ್ದೆವು. ಅಡ್ಡ ಮಳೆಗೆ ಚೀಲ ನೆನೆದಿತ್ತು, ಅವನೂ ನೆನೆದಿದ್ದ. ಕೂತಲ್ಲೇ ಉಚ್ಚೆ ಮಾಡಿಕೊಂಡಿದ್ದ, ಅದಕ್ಕೆ ತಲೆ ತಗ್ಗಿಸಿದ್ದ, ತಪ್ಪು ಅವನದ್ದು ಎಂಬ ಹಾಗೆ. ನಾನು ಹೋಗಿ ತಲೆ ಮೇಲೆ ಕೈ ಇಟ್ಟೆ. ಏಳಲಿಲ್ಲ. ಹಿಂಗಾಲು ಜೋಮು ಹಿಡಿದಿತ್ತು. ಅಜ್ಜಿ ಬಂದು ನೋಡಿದಳು, ನನ್ನನ್ನು ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಆ ಮೊಣಕಾಲಿನಲ್ಲಿ ಒದ್ದೆ ಚೀಲದ ಮೇಲೇ ಕೂತು, ಬಂಗಡೆಯ ಮುಳ್ಳು ಬಿಡಿಸಿ ಬಿಡಿಸಿ ಕೈಯಿಂದ ತಿನ್ನಿಸಿದಳು. "ನಾವು ಉಂಡು ಮಲ್ಗಿದ್ವು ಕೆಂಚಾ, ನಾವು ಉಂಡು ಮಲ್ಗಿದ್ವು" ಎಂದು ಅವನಿಗೆ ಹೇಳುತ್ತಿದ್ದಳು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ಆರಾಮ ಇದ್ದಾನೆ. ನಾನು ಹೇಳುತ್ತಿರುವಾಗ ನನ್ನ ಕಾಲ ಹತ್ತಿರ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ಚೀಲ ಒಗೆದು ಹಾಕಿದ್ದೇವೆ, ಇವತ್ತು ಬಿಸಿಲಿಲ್ಲ. ಇನ್ನು ಮುಂದೆ ಹೊನ್ನಣ್ಣ ಬಂದಾಗ ತಲೆ ಮುಟ್ಟುವ ಕೆಲಸ ಅಜ್ಜಿಯದು, ಮೀನು ಮುಟ್ಟುವ ಮೊದಲು. ಅವಳೇ ಹಾಗೆಂದು ಮಾತು ಕೊಟ್ಟಿದ್ದಾಳೆ, ಅಜ್ಜಿ ಮಾತು ತಪ್ಪುವುದಿಲ್ಲ. ನೀನು ನನ್ನಿಂದ ಮಾಡಿಸಿದ ಕೆಲಸ ಆಯಿತು ಮಾಲು, ನಿನ್ನ ಕೆಂಚ ರಸ್ತೆಗೆ ಹೋಗುವುದಿಲ್ಲ. ಚೆನ್ನಾಗಿ ಊಟ ಮಾಡು, ಗಣಿತಕ್ಕೆ ಹೆದರಬೇಡ, ಮಳೆಯಲ್ಲಿ ಚಪ್ಪಲಿ ಇಲ್ಲದೆ ಓಡಾಡಬೇಡ. ನಿನ್ನ ಕೋಣೆಯ ಗೆಳತಿಯರಿಗೆಲ್ಲ ನಾನು ಕೇಳಿದೆ ಎಂದು ಹೇಳು. ಅಜ್ಜಿಯ, ಅಮ್ಮನ ಆಶೀರ್ವಾದಗಳು ನಿನ್ನ ತಲೆಯ ಮೇಲಿರಲಿ. ಸುಶ್ಮಿತಾಳೂ ನೆನಪು ಮಾಡಿದ್ದಾಳೆ.

ನಿನ್ನ ಅಣ್ಣ,
ಮಾಬ್ಲೇಶ್ವರ

ತಾ.ಕ.: ಇದು ನಾನೇ ಬರ್ದದ್ದು, ಸುಶ್ಮಿತಾಗೆ ತೋರ್ಸಲಿಲ್ಲ, ಅಕ್ಷರ ಹೆಂಗಾದ್ರೂ ಓದ್ಕ. ಮೊದ್ಲೆರಡು ತಿಂಗ್ಳು ಯಾರೂ ಬರ್ಬೇಡಿ, ಮಕ್ಳು ಹೊಂದ್ಕಳ್ಲಿ ಅಂತ ನಿಮ್ಮ ವಾರ್ಡನ್ ಹೇಳಿದ್ರು. ಅದು ಮುಗ್ದೋತು. ಈ ಭಾನುವಾರ ನಿನ್ನ ನೋಡುಕೆ ಬಿಡ್ತ್ರು ಅಂತ ನಮ್ಗೆ ಗೊತ್ತಿತ್ತು, ಆದ್ರೆ ದಸರಾಕ್ಕೆ ಹೆಂಗೂ ಬತ್ಲಲ ಅಂತ ಯಾರೂ ಹೊರಟಿರ್ಲಿಲ್ಲ. ನಾ ಬತ್ತೆ. ಮೊದ್ಲ ಬಸ್ಸಿಗೆ. ತಾಂಡೇಲರಿಗೆ ಶುಕ್ರವಾರದ ಬೋಟಿಗೆ ಬರುದಿಲ್ಲ ಅಂದೆ, ಬೈದ್ರು, ಬೈಲಿ. ಬೇರೆ ಬೋಟು ಇಲ್ವಾ. ನಿಂಗೆ ಅಲ್ಲಿ ಸೇರ್ತಾ ಇಲ್ಲ ಅಂದ್ರೆ ನನ್ನ ಹತ್ರ ಹೇಳು, ಹೆದರ್ಬೇಡ, ಟ್ರಂಕು ನಾ ಹೊತ್ಕತೆ. ಇರ್ತೆ ಅಂದ್ರೆ ಇರು, ತಿಂಗ್ಳು ತಿಂಗ್ಳು ನಮ್ಮಲ್ಲಿ ಒಬ್ರು ಬಂದೇ ಬತ್ತ್ರು. ಭಾನುವಾರ ಬೆಳಿಗ್ಗೆಯಿಂದ ಗೇಟಿನ ಹತ್ರ ನಿಂತ್ಕಂಡು ಕಾಯ್ಬೇಡ, ಮಳೆ ಇರ್ತು. ಒಳಗೇ ಇರು. ನಾನೇ ಒಳಗೆ ಬಂದು ಕರೀತೆ.